ಸಿಗಡಿಗಳನ್ನು ಮೀನು ತಿನ್ನಲಿಲ್ಲ

ಮೇಷ್ಟ್ರೇ, ನಿಮ್ಮ ಸಿಗಡಿಗಳನ್ನು ಮೀನುಗಳು ತಿನ್ನಲಿಲ್ಲ. ಅವು ಸತ್ತದ್ದು ನನ್ನ ಕೈಯಿಂದ. ಮೀನು ತಿನ್ನುವುದನ್ನು ನಾನೇ ಕಣ್ಣಾರೆ ನೋಡಿದೆ ಎಂದು ನಿಮ್ಮೆದುರು ನಿಂತು ಹೇಳಿದೆನಲ್ಲ — ಅದು ಸುಳ್ಳು.

ಇಷ್ಟು ಬರೆಯಲು ಹನ್ನೊಂದು ವರ್ಷ ಹಿಡಿಯಿತು. ಸುದ್ದಿ ಬರೆಯುವುದೇ ಕಸುಬಾದವನಿಗೆ ಇಷ್ಟು ಕಾಲ ಯಾಕೆ ಬೇಕಾಯಿತೆಂದು ನೀವು ಕೇಳಬಹುದು. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಮುಳಬಾಗಿಲಿನ ಆ ವಠಾರದಲ್ಲಿ ನಿಮ್ಮದು ಮೊದಲ ಮನೆ, ನಮ್ಮದು ಮೂರನೆಯದು. ನೀವು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದಿರಿ. ನಾನು ಪತ್ರಿಕೆಯೊಂದಕ್ಕೆ ತಾಲ್ಲೂಕಿನ ಸುದ್ದಿ ಬರೆದು ಬಸ್ಸಿನಲ್ಲಿ ಕಳಿಸುತ್ತಿದ್ದೆ. ನಿಮ್ಮ ಜಗಲಿಯಲ್ಲಿ ಕಿಟಕಿಯ ಗಾಜು ಕೂಡಿಸಿ ನೀವೇ ಮಾಡಿಕೊಂಡ ತೊಟ್ಟಿಯಿತ್ತು. ಅದರಲ್ಲಿ ಸೊಳ್ಳೆಮರಿ ತಿನ್ನಲೆಂದು ಬಾವಿಗೆ ಬಿಡುವ ಗಪ್ಪಿ ಮೀನುಗಳು. ಜೊತೆಗೆ ದೇವರಾಯಸಮುದ್ರದ ಕೆರೆಯಿಂದ ತಂದ, ಬೆರಳಿನ ಒಂದು ಗೆಣ್ಣಿನಷ್ಟೂ ಉದ್ದವಿಲ್ಲದ, ಗಾಜಿನಂಥ ಸಿಗಡಿಗಳು. ಎರಡೂ ಒಂದೇ ನೀರಿನಲ್ಲಿ ಬದುಕಬೇಕು, ಎರಡೂ ಮರಿ ಮಾಡಬೇಕು — ಅದು ನಿಮ್ಮ ಹಟ.

ನಿಮ್ಮ ಶಾಲೆಯ ಡ್ರಿಲ್ ಮೇಷ್ಟರು ಜಗಲಿಗೆ ಬಂದಾಗಲೆಲ್ಲ ಕೆಣಕುತ್ತಿದ್ದರು. “ಏನ್ ಸಾರ್, ಬೆಕ್ಕು ಇಲಿ ಎರಡನ್ನೂ ಒಂದೇ ಬೋನಲ್ಲಿ ಸಾಕ್ತೀರಂತೆ?”

“ಇಲಿಗೊಂದು ಬಿಲ ಮಾಡ್ಕೊಟ್ರೆ ಸಾಕ್ಬೋದು ಕಣಯ್ಯ” ಎನ್ನುತ್ತಿದ್ದಿರಿ ನೀವು.

ಬಿಲವನ್ನು ಮಾಡಿಯೇ ಇದ್ದಿರಿ. ತೊಟ್ಟಿಯ ಅರ್ಧಭಾಗಕ್ಕೆ ಕೆರೆಯ ಪಾಚಿ, ಅದರಡಿ ಒಡೆದ ಹೆಂಚಿನ ಚೂರು. ಕಣ್ಣಿಗೆ ಕಾಣದಷ್ಟು ಸಣ್ಣ ಮರಿ ಸಿಗಡಿಗಳು ಅಲ್ಲಿ ಅವಿತು ಬೆಳೆಯಬೇಕು. ಮೀನಿನ ಬಾಯಿಗೆ ಹಿಡಿಸದಷ್ಟು ದೊಡ್ಡವಾದ ಮೇಲೆ ಹೊರಗೆ ಬರಬೇಕು. ಎರಡು ವರ್ಷ ಮರಿಗಳು ಉಳಿಯಲಿಲ್ಲ. ಮೂರನೆಯ ವರ್ಷ ಉಳಿದವು. ಆ ಬೆಳಿಗ್ಗೆ ನನ್ನನ್ನು ಕೂಗಿದ್ದು ನೆನಪಿದೆ: “ಲೇ ನಾಯನಾ, ಬಾರೋ ಇಲ್ಲಿ! ಇವತ್ತಾದ್ರೂ ನೆಟ್ಟಗಿರೋ ಸುದ್ದಿ ಬರಿ!” ನಲವತ್ತರ ತನಕ ಎಣಿಸಿದೆವು, ಇಬ್ಬರೂ ಮಂಡಿಯೂರಿ. ಕೋಲಾರದ ವಸ್ತುಪ್ರದರ್ಶನಕ್ಕೆ ಆ ತೊಟ್ಟಿಯನ್ನು ಒಯ್ಯುವುದೆಂದು ನಿಶ್ಚಯವಾಯಿತು.

ಅಷ್ಟರಲ್ಲಿ ನಿಮ್ಮ ತಂಗಿಯ ಮಗಳ ಮದುವೆ ಬಂತು, ಶ್ರೀನಿವಾಸಪುರದಲ್ಲಿ. ನಾಲ್ಕು ದಿನ ತೊಟ್ಟಿ ನನ್ನ ಪಾಲಿಗೆ. ನೀವು ಹೇಳಿದ್ದು ಸ್ಪಷ್ಟವಾಗಿತ್ತು: ದಿನಕ್ಕೊಂದು ಚಿಟಿಕೆ ರಾಗಿಹಿಟ್ಟು, ಮೂರನೆಯ ದಿನ ಎರಡು ಬಿಂದಿಗೆ ಹಳೆ ನೀರು ತೆಗೆದು ಎರಡು ಬಿಂದಿಗೆ ಹೊಸ ನೀರು. “ಕೆರೆ ನೀರೇ ಆಗ್ಬೇಕು. ಮಣ್ಣಿನ ಗಡಿಗೇಲೇ ತರ್ಬೇಕು. ಮರೀಬೇಡ.”

ಮರೆಯಲಿಲ್ಲ. ಅದನ್ನೇ ಹೇಳಬೇಕು — ಮರೆಯಲಿಲ್ಲ. ಮೂರನೆಯ ದಿನ ಮಧ್ಯಾಹ್ನದ ಬಸ್ಸಿಗೆ ಸುದ್ದಿಯ ಲಕೋಟೆ ಕೊಡಬೇಕಿತ್ತು. ಸೈಕಲ್ಲಿಗೆ ಗಡಿಗೆ ಕಟ್ಟಿ ಕೆರೆಗೆ ಹೋಗಿ ಬರಲು ಬೇಸರ. ಹಬ್ಬಕ್ಕೆಂದು ಅಮ್ಮ ತಾಮ್ರದ ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಹಿಂದಿನ ಸಂಜೆಯೇ ನೀರು ತುಂಬಿಟ್ಟಿದ್ದಳು. ತಾಮ್ರದ ನೀರೆಂದರೆ ನಮಗೆ ತೀರ್ಥ. ಕೆರೆಯ ಕದಡು ನೀರಿಗಿಂತ ಇದು ಮೇಲೆಂದು ನನಗೆ ನಾನೇ ಹೇಳಿಕೊಂಡೆ. ಎರಡು ಬಿಂದಿಗೆ ಸುರಿದು ಬಸ್‌ಸ್ಟ್ಯಾಂಡಿಗೆ ಓಡಿದೆ.

ಮರುದಿನ ಬೆಳಿಗ್ಗೆ ಸಿಗಡಿಗಳು ಅಡ್ಡ ಬಿದ್ದಿದ್ದವು. ಎಲ್ಲವೂ. ಗಾಜಿನಂತಿದ್ದವು ಈಗ ಬೆಳ್ಳಗೆ ಬಿಳಿಚಿ, ಬೆನ್ನು ಬಾಗಿದ್ದವು — ಮೀನುಗಳು ಮಾತ್ರ ಏನೂ ಆಗಿಲ್ಲವೆಂಬಂತೆ ಅವುಗಳ ಮೇಲೆಯೇ ಈಜಾಡುತ್ತಿದ್ದವು. ನೀರಿನಿಂದಲೇ ಹೀಗಾಯಿತೆಂದು ನನಗೆ ಆಗ ಖಚಿತವಾಗಿ ಗೊತ್ತಿರಲಿಲ್ಲ. ಆದರೆ ಅನುಮಾನವಿತ್ತು. ಇಲ್ಲದಿದ್ದರೆ ಟೀ ಸೋಸುವ ಜಾಲರಿಯಲ್ಲಿ ಒಂದೊಂದನ್ನೇ ಎತ್ತಿ ಕನಕಾಂಬರದ ಪಾತಿಯಲ್ಲಿ ಯಾಕೆ ಹೂಳುತ್ತಿದ್ದೆ?

ನೀವು ಮದುವೆಯ ಫಲತಾಂಬೂಲದ ಚೀಲ ಹಿಡಿದೇ ತೊಟ್ಟಿಯ ಮುಂದೆ ಕೂತಿರಿ. ಮೀನುಗಳು ತಿಂದುಬಿಟ್ಟವು ಎಂದೆ. ಪಾಚಿ ಸರಿಸಿದಿರಿ, ಹೆಂಚು ಎತ್ತಿ ನೋಡಿದಿರಿ. ಆಮೇಲೆ: “ಇಷ್ಟು ಸಣ್ಣ ಬಾಯಲ್ಲಿ ಅಷ್ಟುದ್ದ ಸಿಗಡಿ ಹೆಂಗೋ ಹೋಯ್ತು? ನೀನು ಕಣ್ಣಾರೆ ನೋಡಿದ್ಯಾ?”

“ನೋಡ್ದೆ ಮೇಷ್ಟ್ರೇ. ಕಿತ್ತು ಕಿತ್ತು ತಿಂದ್ವು.”

“ಪೇಪರ್‌ನೋನು ನೀನು. ನೋಡ್ದೆ ಅಂದ್ರೆ ನೋಡಿರ್ತೀಯ” ಎಂದಿರಿ.

ಆ ವಾರವೇ ಒಂದು ಸಣ್ಣ ಸುದ್ದಿಯನ್ನೂ ಬರೆದೆ. ಯಾರೂ ಕೇಳಿರಲಿಲ್ಲ. ಸಿಗಡಿ-ಮೀನು ಕೂಡಿ ಸಾಕುವ ಪ್ರಯೋಗ ವಿಫಲ, ಮೀನುಗಳಿಗೆ ಸಿಗಡಿಗಳು ಆಹಾರ. ಅಚ್ಚಾದರೆ ನಿಜವಾದೀತು ಎಂದುಕೊಂಡೆನೋ ಏನೋ. ನೀವು ಮೀನುಗಳನ್ನು ಬಕೆಟ್ಟಿನಲ್ಲಿ ಒಯ್ದು ಬಾವಿಗೆ ಬಿಟ್ಟಿರಿ. ತೊಟ್ಟಿ ಒಡೆದ ಸದ್ದು ನಮ್ಮ ಮನೆಗೆ ಕೇಳಿಸಿತು. ಪ್ರದರ್ಶನಕ್ಕೆ ಹೋಗಲಿಲ್ಲ.

ಮೂರು ವರ್ಷದ ನಂತರ, ಮೀನು ಸಾಕಣೆಯ ಬಗ್ಗೆ ಬರೆಯಲು ಒಬ್ಬ ಅಧಿಕಾರಿಯ ಹಿಂದೆ ಕೊಳ ಸುತ್ತುತ್ತಿದ್ದೆ. ಅವರು ಆಳೊಬ್ಬನ ಮೇಲೆ ರೇಗಿದರು: “ಏನ್ಲಾ, ತಾಮ್ರದ ಕೊಡ ಯಾಕ್ಲಾ ತಂದೆ? ಮೀನಾದ್ರೆ ತಡ್ಕೊಂಡೀತು, ಸಿಗಡಿ ಉಳಿಯಲ್ಲ ಕಣೋ!” ನಾನು ಪೆನ್ನು ಮುಚ್ಚಿದೆ. ಹುಳಿ ಹಾಕಿ ತಿಕ್ಕಿದ ತಾಮ್ರ, ರಾತ್ರಿಯೆಲ್ಲ ನಿಂತ ನೀರು — ಅನುಮಾನಕ್ಕೆ ಜಾಗ ಉಳಿಯಲಿಲ್ಲ.

ಆಗಲೂ ಹೇಳಲಿಲ್ಲ. ನಿವೃತ್ತರಾಗಿ ನೀವು ಮಾಲೂರು ಸೇರಿದ್ದಿರಿ. ಹೇಳಲೆಂದೇ ಬಂದಿದ್ದೆ ಒಂದು ಸಲ. ಮನೆಪಾಠದ ಮಕ್ಕಳು ನಿಮ್ಮ ಸುತ್ತ ಕೂತಿದ್ದರು. ನೀವು ಹೇಳುತ್ತಿದ್ದಿರಿ: “ಕಂಡದ್ದನ್ನೆಲ್ಲ ನಂಬ್ಬೇಡ್ರಪ್ಪಾ. ನಾನೇ ಮೂರು ವರ್ಷ ದಿನಾ ನೋಡಿ ನೋಡಿ ತಪ್ಪು ತಿಳ್ಕೊಂಡಿದ್ದೆ. ಬೇಕಾದ್ರೆ ಇವ್ರನ್ನ ಕೇಳಿ.”

ಮಕ್ಕಳು ನನ್ನತ್ತ ತಿರುಗಿದರು. ನಾನು ಹೌದೆಂದು ತಲೆಯಾಡಿಸಿದೆ. ಕಾಫಿ ಕುಡಿದು ಬಂದೆ.

ನನ್ನ ಉಳಿದ ತಪ್ಪುಗಳು ಮನಸ್ಸಿನಲ್ಲಿ ಎಲ್ಲೋ ನಿದ್ದೆಹೋಗುತ್ತವೆ, ಇದು ಹೋಗುವುದಿಲ್ಲ. ಸಿಗಡಿಗಳನ್ನು ಕೊಂದದ್ದು ಸೋಮಾರಿತನ. ಆದರೆ ಸರಿಯಾಗಿ ನೋಡಿದ ಒಬ್ಬ ಮನುಷ್ಯನನ್ನು, ನೀನು ನೋಡಿದ್ದು ತಪ್ಪು ಎಂದು ನಂಬಿಸಿದ್ದು — ಅದಕ್ಕೆ ಹೆಸರು ಹುಡುಕುತ್ತಲೇ ಇದ್ದೇನೆ.

ನಿಮ್ಮ ಎರಡೂ ಕಣ್ಣಿಗೆ ಪೊರೆ ಬಂದಿದೆ, ಅಕ್ಷರ ಹತ್ತುತ್ತಿಲ್ಲ ಎಂದು ಮೊನ್ನೆ ತಿಳಿಯಿತು. ಆದ್ದರಿಂದ ಇದನ್ನು ಅಂಚೆಗೆ ಹಾಕುವುದಿಲ್ಲ. ಭಾನುವಾರ ಬೆಳಗಿನ ಬಸ್ಸಿಗೆ ಹೊರಡುತ್ತೇನೆ. ಮಕ್ಕಳು ಪಾಠಕ್ಕೆ ಕೂತಿರುವ ಹೊತ್ತಿಗೇ ಬರುತ್ತೇನೆ. ಅವರೆಲ್ಲರಿಗೂ ಕೇಳುವ ಹಾಗೆ, ಮೊದಲ ಸಾಲಿನಿಂದ ಓದುತ್ತೇನೆ.