ಕಡಬಕ್ಕೆ ಹೋಗದೆ ಉಳಿದ ವಾರ

ಪುತ್ತೂರಿನ ನಮ್ಮ ತರಬೇತಿ ಕೇಂದ್ರದಲ್ಲಿ ಹೆಂಗಸರಿಗೆ ಹೊಲಿಗೆ ಬಿಟ್ಟು ಬೇರೇನನ್ನಾದರೂ ಕಲಿಸೋಣ ಎಂದು ಮೊದಲು ಹೇಳಿದವರು ಮಾಸ್ಟ್ರು. ಐಟಿಐಯಲ್ಲಿ ಪಾಠ ಮಾಡಿ ನಿವೃತ್ತರಾದ ಮೇಲೆ ನಮ್ಮಲ್ಲಿಗೆ ಮುಖ್ಯಸ್ಥರಾಗಿ ಬಂದಿದ್ದರು. ನಾನು ಅವರ ಕೈಕೆಳಗಿನ ಶಿಕ್ಷಕಿ.

"ಎಲ್ಲರ ತೋಟದಲ್ಲೂ ಹುಲ್ಲು ತೆಗೆಯುವ ಮಿಷನ್ ಉಂಟು. ಕೆಟ್ಟರೆ ಪೇಟೆಗೆ ಹೊತ್ತುಕೊಂಡು ಬರ್ಬೇಕು. ಊರಿಗೊಬ್ಬಳು ರಿಪೇರಿಯವಳು ಇದ್ರೆ ಎಂತ ಆಗ್ತದೆ, ನೋಡುವ," ಎಂದಿದ್ದರು.

ಕಲಿತ ಮೊದಲನೆಯವಳು ಕೆದಂಬಾಡಿಯಲ್ಲಿ ಅಂಗಡಿ ಹಾಕಿದಾಗ ಮಾಸ್ಟ್ರು ಒಂದು ವಾರ ದಿನವೂ ಅಲ್ಲಿಗೆ ಹೋಗಿ ಕುಳಿತರು. ಗಿರಾಕಿಗಳು ಮಿಷನ್ ತಂದು ಅವರ ಕೈಗೆ ಕೊಡಲು ಬರುತ್ತಿದ್ದರು. ಅವರು ಸ್ಪ್ಯಾನರನ್ನೂ ಮುಟ್ಟುತ್ತಿರಲಿಲ್ಲ. "ನನಗೆ ಗೊತ್ತಿಲ್ಲಪ್ಪ, ಅವಳಿಗೆ ಗೊತ್ತುಂಟು," ಎಂದು ಪೇಪರ್ ಬಿಡಿಸುತ್ತಿದ್ದರು. ಎಂಟನೆಯ ದಿನ ಅವರು ಹೋಗಬೇಕಾಗಲಿಲ್ಲ.

ಎರಡನೆಯವಳು ಕಡಬದ ಕಡೆಯವಳು, ಕೇರಳದಿಂದ ಬಂದು ನೆಲೆಸಿದ ಕುಟುಂಬದ ವಿಧವೆ. ಬೆಳಿಗ್ಗೆ ರಬ್ಬರ್ ಮರದ ಹಾಲು ಇಳಿಸುವ ಟ್ಯಾಪಿಂಗ್ ಮುಗಿಸಿ, ಬಸ್ಸು ಹಿಡಿದು ಕ್ಲಾಸಿಗೆ ಬರುತ್ತಿದ್ದಳು. ಎಂಜಿನ್ನಿನ ಸದ್ದು ಕೇಳಿಯೇ ಎಲ್ಲಿ ಕೆಟ್ಟಿದೆ ಎಂದು ಹೇಳಿಬಿಡುತ್ತಿದ್ದಳು. ಅವಳು ಅಂಗಡಿ ತೆರೆದ ಮಾರನೆಯ ದಿನವೇ ಮಾಸ್ಟ್ರಿಗೆ ಪಾರ್ಶ್ವವಾಯು ಬಡಿಯಿತು. ಅವರ ಕುರ್ಚಿಗೆ ನಾನು ಬಂದೆ.

ಮೇಲಿನವರಿಗೆ ಬೇಕಾಗಿದ್ದದ್ದು ಸಂಬಳದ ಕೆಲಸ ಸಿಕ್ಕಿದವರ ಪಟ್ಟಿ. ಸ್ವಂತ ಅಂಗಡಿ ಅದರಲ್ಲಿ ಲೆಕ್ಕಕ್ಕಿರಲಿಲ್ಲ. ನಾನು ಪಟ್ಟಿಯ ಹಿಂದೆ ಬಿದ್ದೆ. ಆಗಲೇ ಕಡಬದವಳ ಫೋನ್ ಬಂತು.

"ಟೀಚರ್, ಒಂದು ವಾರ ಬಂದು ಕೂತ್ಕೊಳ್ಳಿ. ಬಂದವರು ನನ್ನನ್ನು ನೋಡಿ, ಗಂಡಸರು ಯಾರೂ ಇಲ್ವಾ ಅಂತ ಕೇಳಿ ಹಿಂದೆ ಹೋಗ್ತಾರೆ."

"ಈ ವಾರ ಆಗುದಿಲ್ಲ ಮಾರಾಯ್ತಿ, ಮುಂದಿನ ವಾರ ನೋಡುವ."

ಇದೇ ಮಾತನ್ನು ಮೂರು ಸಲ ಹೇಳಿದೆ. ಕೊನೆಗೆ ಅಂಗಡಿಯ ಮುಂದೆ ಕಟ್ಟಲು ದೊಡ್ಡದೊಂದು ಬ್ಯಾನರ್ ಕಳಿಸಿ, ನನ್ನ ಕರ್ತವ್ಯ ಮುಗಿಯಿತೆಂದುಕೊಂಡೆ. ಆಮೇಲೆ ಅವಳು ಫೋನ್ ಮಾಡಲಿಲ್ಲ. ಎಲ್ಲ ಸರಿಯಾಗಿರಬೇಕು ಎಂದು ನಂಬುವುದು ನನಗೂ ಅನುಕೂಲವಾಗಿತ್ತು.

ಕೆಲವು ತಿಂಗಳ ಮೇಲೆ ವರದಿಗೆ ಫೋಟೋ ಬೇಕೆಂದು ಕಡಬಕ್ಕೆ ಹೋದರೆ, ಅವಳ ಅಂಗಡಿಯ ಜಾಗದಲ್ಲಿ ಕೋಳಿ ಅಂಗಡಿ ಇತ್ತು. ಮನೆ ಹುಡುಕಿಕೊಂಡು ಹೋದೆ. ಅವಳು ರಬ್ಬರ್ ಶೀಟು ಒಣಗಿಸುತ್ತಿದ್ದಳು. ನನ್ನನ್ನು ಕಂಡು ಕೈ ಒರೆಸಿಕೊಂಡು ಕುರ್ಚಿ ತಂದಿಟ್ಟಳು.

"ನನಗೆ ಯಾಕೆ ಹೇಳ್ಲಿಲ್ಲ?" ಎಂದೆ.

"ಹೇಳಿದ್ದೆ ಟೀಚರ್," ಎಂದಳು. ಸ್ವರದಲ್ಲಿ ಸಿಟ್ಟಿರಲಿಲ್ಲ. "ಚಾ ಮಾಡ್ತೇನೆ, ಕೂತ್ಕೊಳ್ಳಿ."

ಚಹಾ ಕುಡಿದು, ಫೋಟೋ ತೆಗೆಯದೆ ಹೊರಟೆ.

ಅಲ್ಲಿಂದ ಬಂದ ಮೇಲೆ ಮಾಸ್ಟ್ರನ್ನು ನೋಡಲು ಹೋದೆ. ಅವರ ಮಾತು ತೊದಲುತ್ತಿತ್ತು. ಅವರು ಮೊದಲು ಕೇಳಿದ್ದೇ, "ಕಡಬದವಳು?"

"ಅವಳಿಗೆ ಪುರುಸೊತ್ತೇ ಇಲ್ಲ ಮಾಸ್ಟ್ರೇ. ಅಷ್ಟು ಕೆಲಸ ಬರ್ತಾ ಉಂಟು."

ಅವರ ಅರ್ಧ ಮುಖ ಮಾತ್ರ ನಕ್ಕಿತು. "ನೀವು ಹೋಗಿ... ಕೂತದ್ದು... ಒಳ್ಳೆದಾಯ್ತು," ಎಂದರು. ನಾನು ಅವರ ಹೊದಿಕೆ ಸರಿಮಾಡಿದೆ. ಹತ್ತು ದಿನಗಳಲ್ಲಿ ಮಾಸ್ಟ್ರು ತೀರಿಕೊಂಡರು.

ಸುದ್ದಿ ಕೇಳಿ ಕಡಬದವಳೂ ಮಾಸ್ಟ್ರ ಮನೆಗೆ ಬಂದಿದ್ದಳು. ಮಾಸ್ಟ್ರ ಹೆಂಡತಿ ಅವಳ ಕೈ ಹಿಡಿದುಕೊಂಡು, "ನಿನ್ನ ಅಂಗಡಿ ಲಾಯ್ಕಲ್ಲಿ ನಡೀತದಂತಲ್ಲ ಮಗಾ. ಇವರು ಬಂದವರಿಗೆಲ್ಲ ಅದನ್ನೇ ಹೇಳ್ತಿದ್ರು," ಎಂದು ಅತ್ತರು.

ಅವಳು ತಲೆಯೆತ್ತಿ ನನ್ನ ಕಡೆ ನೋಡಿದಳು.

"ಹೌದಮ್ಮ," ಎಂದಳು. "ನಡೀತಾ ಉಂಟು."

ಹೊರಡುವಾಗ ನನ್ನೊಡನೆ ಮಾತಾಡಲಿಲ್ಲ. ಅಂಗಳ ದಾಟಿ ರಸ್ತೆಗಿಳಿದು ಬಸ್ಸಿಗೆ ಕೈ ತೋರಿಸಿದಳು.