ಮುಂಗಡ ಕೊಟ್ಟ ಬಡ್ಡಿ

ದಿನಾಂಕ 11 ಫೆಬ್ರುವರಿ 1990, ಭಾನುವಾರ. ಬೆಳಿಗ್ಗೆ ಒಂಬತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಪತ್ರಿಕೆಗೆಂದು ಇದನ್ನು ಬರೆಯಲು ಕೂತಿದ್ದೇನೆ. ಆಳಂದದ ನಮ್ಮ ಮನೆಯ ಸಾಲದ ಕೊನೆಯ ಕಂತು ಕಟ್ಟಿ ಇವತ್ತಿಗೆ ಅರವತ್ತೊಂಬತ್ತು ದಿನ. ಸಾಲ ಹರಿದ ಮೇಲೆ ಏನೇನು ಮಾಡಬೇಕೆಂದು ನಾವು ವರ್ಷಗಟ್ಟಲೆ ಮಾತಾಡಿಕೊಂಡಿದ್ದೆವು. ಈ ಅರವತ್ತೊಂಬತ್ತು ದಿನಗಳಲ್ಲಿ ಮನೆಯವರು ಹೆಚ್ಚಾಗಿ ಮಾಡಿದ್ದು ನಿದ್ದೆ. ಅಮ್ಮಿ ಮಧ್ಯಾಹ್ನ ಮಲಗಿದರೆ ದೀಪ ಹಚ್ಚುವ ಹೊತ್ತಿಗೆ ಏಳುತ್ತಾಳೆ. ಯಾರೂ ಎಬ್ಬಿಸುವುದಿಲ್ಲ.

ಅಬ್ಬಾ ಜೇವರ್ಗಿಯ ಒಂದು ಸರ್ಕಾರಿ ಕಚೇರಿಯಲ್ಲಿ ಜೀಪಿನ ಡ್ರೈವರ್. ವಾರವಿಡೀ ಅಲ್ಲೇ ಇದ್ದು ಶನಿವಾರ ಗುಲಬರ್ಗಾದ ಮೇಲೆ ಎರಡು ಬಸ್ಸು ಬದಲಿಸಿ ಆಳಂದಕ್ಕೆ ಬರುತ್ತಾರೆ. 1983ರಲ್ಲಿ ಗೃಹ ನಿರ್ಮಾಣದ ಒಂದು ಸಹಕಾರಿ ಸಂಘದಿಂದ ಹನ್ನೆರಡು ಸಾವಿರ ಸಾಲ ತೆಗೆದು ಈ ಎರಡು ಖೋಲಿಯ ಮನೆ ಕಟ್ಟಿಸಿದರು. ಮನೆಯ ಕಾಗದ ಸಂಘದಲ್ಲಿ ಅಡವು. ತಿಂಗಳಿಗೆ ನೂರಾ ಮೂವತ್ತೇಳು ರೂಪಾಯಿಯಂತೆ ನೂರಾ ಎಂಬತ್ತು ಕಂತು, ಅಂದರೆ ಹದಿನೈದು ವರ್ಷ.

ನಾವು ಹೊಸ ಮನೆಗೆ ಬಂದದ್ದು 18 ಮಾರ್ಚ್ 1984, ಭಾನುವಾರ. ಅದುವರೆಗೆ ಬಾಡಿಗೆ ಮನೆಯಲ್ಲಿ ನಮ್ಮ ಜೊತೆಗೇ ಇದ್ದ ದಾದಿಮಾ, ಅಂದರೆ ಅಬ್ಬಾರ ತಾಯಿ, ತನ್ನ ತಗಡಿನ ಟ್ರಂಕಿನ ಜೊತೆ ಹೊರಗಿನ ಕಟ್ಟೆಯ ಮೇಲೆ ಕೂತಳು. ಒಳಗೆ ಬರಲಿಲ್ಲ. ಸಾಮಾನು ಇಳಿಸುತ್ತಿದ್ದ, ಮನೆ ಕಟ್ಟಿದ ಗೌಂಡಿ ಅವಳಿಗೆ ಸಾಲದ ವಿಷಯ ಹೇಳಿಬಿಟ್ಟಿದ್ದ. ಅಬ್ಬಾ ಅದನ್ನು ಮುಚ್ಚಿಟ್ಟಿದ್ದರು. ನಮ್ಮ ಮನೆಯಲ್ಲಿ ಅರ್ಧ ದಖನಿ, ಅರ್ಧ ಕನ್ನಡ ನಡೆಯುತ್ತದೆ. ಇಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಬರೆಯುತ್ತೇನೆ.

"ಬೇಟಾ, ಮನಿ ಕಾಗದ ಯಾರ ಕಡಿ ಅದ?" ಎಂದು ಕೇಳಿದಳು.

"ಸಂಘದಾಗ ಅದ ಅಮ್ಮಾ."

"ಮ್ಯಾಲ ಬಡ್ಡಿ?"

ಅಬ್ಬಾ ಹೌದೆಂದು ತಲೆಯಾಡಿಸಿದರು. ಬಡ್ಡಿ ತಿನ್ನುವುದೂ ತಪ್ಪು, ಕೊಡುವುದೂ ತಪ್ಪು ಎಂದು ದಾದಿಮಾ ನಮಗೆ ಅಕ್ಷರ ಬರುವ ಮೊದಲೇ ಕಲಿಸಿದ್ದಳು.

"ನಿನ್ನ ಮ್ಯಾಲ ಸಿಟ್ಟಿಲ್ಲಪ್ಪಾ. ನನಗಿಲ್ಲಿ ತುತ್ತು ಇಳ್ಯಂಗಿಲ್ಲ, ಅಷ್ಟ. ಬಡ್ಡಿ ಹರದ ದಿನ ಕರಿ, ಬರ್ತೇನಿ."

ಅದೇ ಮಧ್ಯಾಹ್ನ ಅಫಜಲಪುರದ ನಮ್ಮ ಫುಫ್ಫಿಯ ಮನೆಗೆ ಹೋದಳು. ಫುಫ್ಫಿ ಎಂದರೆ ಅಬ್ಬಾರ ತಂಗಿ. ಅಮ್ಮಿ ಬುತ್ತಿ ಕಟ್ಟಿದ್ದಳು. ಅದನ್ನು ದಾದಿಮಾ ಬೇಡ ಎನ್ನಲಿಲ್ಲ. ಹಳೆಯ ಮನೆಯ ಒಲೆಯ ಮೇಲೆ ಮಾಡಿದ್ದು ಎಂದು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡು ತೆಗೆದುಕೊಂಡಳು.

ಅಂದಿನಿಂದ ಈದ್ ಬಂದರೆ ಅಬ್ಬಾ ತಾಯಿಯ ಜೊತೆ ಉಣ್ಣಲು ಅಫಜಲಪುರಕ್ಕೆ ಹೋಗುತ್ತಿದ್ದರು. ಅಮ್ಮಿ, ತಮ್ಮ, ನಾನು ಆಳಂದದಲ್ಲಿ ಉಣ್ಣುತ್ತಿದ್ದೆವು. ಅವರಿಗೆಂದು ಶ್ಯಾವಿಗೆಯ ಸುರ್ಕುಂಬಾ ಒಂದು ಬಟ್ಟಲು ತೆಗೆದಿಡುತ್ತಿದ್ದೆವು. ಅವರು ರಾತ್ರಿ ಬರುವಷ್ಟರಲ್ಲಿ ಅದು ಗಟ್ಟಿಯಾಗಿರುತ್ತಿತ್ತು. ಇಂಥ ಹಬ್ಬಗಳು ಒಟ್ಟು ಹನ್ನೆರಡು. ನಾನು ಬರೆದಿಟ್ಟಿದ್ದೇನೆ.

1985ರ ಜನವರಿಯಲ್ಲಿ ಅಬ್ಬಾ ಒಂದು ಶನಿವಾರ ಊಟ ಮಾಡುತ್ತಾ, "ಹದಿನೈದು ವರ್ಷ ಅಂದ್ರ ಅಮ್ಮಾ ಎಂಬತ್ತು ದಾಟ್ತಾಳ. ಬಸ್ ಹತ್ತಿ ಬರಾಕ ಆಗ್ತದೇನು ಆಕೆಗಿ?" ಎಂದರು. ಯಾರನ್ನೂ ಕೇಳಿದ ಪ್ರಶ್ನೆಯಲ್ಲ. ಆ ರಾತ್ರಿ ಮನೆಯ ಖರ್ಚಿನ ಪುಸ್ತಕ ನನ್ನ ಕೈಗೆ ಬಂತು. ನನಗೆ ಹದಿನೈದು ವರ್ಷ, ಅಕ್ಷರ ದುಂಡಗಿದ್ದವು, ಆಗಲೇ ದಿನಚರಿ ಬರೆಯುತ್ತಿದ್ದೆ. ಪುಸ್ತಕ ಬರಲು ಅಷ್ಟೇ ಕಾರಣ.

ಕಂತಿನ ಮೇಲೆ ತಿಂಗಳಿಗೆ ಅರವತ್ತು ರೂಪಾಯಿ ಹೆಚ್ಚು ಕಟ್ಟುವುದು ಎಂದು ಠರಾಯಿಸಿದೆವು. ಅಬ್ಬಾ ಜೇವರ್ಗಿಯಲ್ಲಿ ಬಾಡಿಗೆಗೆ ಹಿಡಿದಿದ್ದ ಖೋಲಿ ಬಿಟ್ಟು ಕಚೇರಿಯ ಜೀಪಿನ ಶೆಡ್ಡಿನಲ್ಲಿ ಮಂಚ ಹಾಕಿಕೊಂಡರು. ಅದರಿಂದ ಇಪ್ಪತ್ತೈದು ಉಳಿಯಿತು. ಉಳಿದ ಮೂವತ್ತೈದನ್ನು ನಾನು ಅಡುಗೆಮನೆಯಿಂದ ತೆಗೆಯಬೇಕಿತ್ತು. ಹಾಲು ಅರ್ಧ ಲೀಟರಿನಿಂದ ಪಾವಿಗೆ ಇಳಿಯಿತು. ಸಂಜೆಯ ಚಹಾ ನಿಂತಿತು. ಮಾಂಸ ತಿಂಗಳಿಗೊಮ್ಮೆ, ಅಬ್ಬಾ ಬಂದ ಒಂದು ಶನಿವಾರ. ಬಟ್ಟೆ ಸಾಬೂನನ್ನು ದಾರದಿಂದ ನಾಲ್ಕು ತುಂಡು ಮಾಡಿ ವಾರಕ್ಕೊಂದು ಕೊಡುತ್ತಿದ್ದೆ. ತಮ್ಮನ ಚಪ್ಪಲಿಗೆ ಮೋಚಿ ಐದು ಸಲ ಹೆಬ್ಬೆರಳಿನ ಉಂಗುಷ್ಟ ಹಾಕಿದ. ಆರನೆಯ ಸಲ, "ಇದರಾಗ ಈಗ ನಂದ ಚರ್ಮ ಜಾಸ್ತಿ ಅದ, ಇದು ನಂದ ಚಪ್ಪಲಿ" ಎಂದು ತಮ್ಮನಿಗೇ ಹೇಳಿದನಂತೆ. ತಮ್ಮ ಅಳುತ್ತಾ ಬಂದ.

ಪಕ್ಕದ ಮನೆಯ ಗೌಡತಿ ಅಮ್ಮಿಯ ಗೆಳತಿ. ಆಕೆ ಬಂದಾಗ ಅಮ್ಮಿ ಚಹಾಕ್ಕೆ ನೀರಿಡುತ್ತಿದ್ದಳು. ಸಕ್ಕರೆಯ ಡಬ್ಬಿ ತೆರೆದ ಸದ್ದಾದಾಗ ನಾನು ಒಳಗಿನಿಂದ ಕೆಮ್ಮುತ್ತಿದ್ದೆ.

"ಏನಬೇ, ನಿನ್ನ ಮಗಳಿಗಿ ಔಷಧಿ ಕೊಡಸು. ನಾ ಬಂದಾಗೊಮ್ಮೆ ಕೆಮ್ಮು ಹಿಡೀತದ ಆಕೆಗಿ," ಎಂದಳು ಗೌಡತಿ.

"ಅದು ಔಷಧಿಗಿ ಹೋಗೋ ಕೆಮ್ಮಲ್ಲ ಅಕ್ಕಾ. ಸಕ್ಕರಿಗಿ ಬರೋ ಕೆಮ್ಮು."

ಇಬ್ಬರೂ ನಕ್ಕರು. ಮರುದಿನದಿಂದ ಗೌಡತಿ ಸೆರಗಿನಲ್ಲಿ ಒಂದು ಚಿಟಿಕೆ ಚಹಾಪುಡಿ, ಒಂದು ಹಿಡಿ ಸಕ್ಕರೆ ಕಟ್ಟಿಕೊಂಡು ಬರತೊಡಗಿದಳು. ಅಮ್ಮಿ ಅದನ್ನು ಹಾಕಿಯೇ ಚಹಾ ಮಾಡಿದಳು. ಆ ವಾರ ನನ್ನ ಜೊತೆ ಮಾತಾಡಲಿಲ್ಲ.

ಹದಿನಾಲ್ಕು ತಿಂಗಳು ಹೀಗೆ ನಡೆಯಿತು. ಸಂಘಕ್ಕೆ ಹಣ ಕಟ್ಟುವವರು ಅಬ್ಬಾ. ಸಾಲದ ಪಾಸ್‌ಬುಕ್ಕು ಅವರ ಖಾಕಿ ಅಂಗಿಯ ಜೇಬಿನಲ್ಲಿ ಇರುತ್ತಿತ್ತು. ನನಗೆ ಬರುತ್ತಿದ್ದದ್ದು ನೂರಾ ತೊಂಬತ್ತೇಳು ರೂಪಾಯಿಯ ರಸೀದಿ ಮಾತ್ರ. ಎಂಟುನೂರ ನಲವತ್ತು ರೂಪಾಯಿ ಹೆಚ್ಚಿಗೆ ಕಟ್ಟಿದ್ದೇವೆ, ಅಸಲು ಅಷ್ಟು ಇಳಿದಿರಬೇಕು ಎಂದು ನನ್ನ ಪುಸ್ತಕ ಹೇಳುತ್ತಿತ್ತು. 5 ಏಪ್ರಿಲ್ 1986, ಶನಿವಾರ. ಹತ್ತನೆಯ ಪರೀಕ್ಷೆ ಮುಗಿಸಿದ್ದ ನಾನು ಅಬ್ಬಾರ ಜೊತೆ ಸಂಘಕ್ಕೆ ಹೋದೆ.

ಗುಮಾಸ್ತರು ಹಣೆ ತುಂಬ ವಿಭೂತಿ ಧರಿಸಿದ ಹಿರಿಯರು. ನನ್ನ ಕೈಯ ಪುಸ್ತಕ ನೋಡಿ, "ಏನವ್ವಾ, ಆಡಿಟ್‌ಗಿ ಬಂದಿಯೇನು? ಹೇಳಿ ಬರಬಾರದಾ, ಕುರ್ಚಿ ಒರೆಸಿ ಇಡ್ತಿದ್ದೆ," ಎಂದರು.

ಅಸಲು ಎಷ್ಟು ಉಳಿದಿದೆ ಎಂದು ಕೇಳಿದೆ. ಅವರು ಹೇಳಿದ ಮೊತ್ತ ನನ್ನದಕ್ಕಿಂತ ಎಂಟುನೂರಕ್ಕೂ ಮೇಲೆ ಇತ್ತು. ಖಾತೆಯ ಪುಸ್ತಕ ತಿರುಗಿಸಿ ತೋರಿಸಿದರು. ಅಸಲಿನ ಮನೆ, ಬಡ್ಡಿಯ ಮನೆ ಎಂದು ಎರಡು ಅಂಕಣ. ನಮ್ಮ ಅರವತ್ತುಗಳು ಹದಿನಾಲ್ಕೂ ಬಡ್ಡಿಯ ಅಂಕಣದಲ್ಲಿ ಕೂತಿದ್ದವು.

"ಇದ್ಯಾಕ್ರಿ ಬಡ್ಡಿಗಿ ಹಾಕೀರಿ?"

"ನಿಮ್ಮ ತಂದಿಯವರ್ನ ಕೇಳವ್ವಾ. ಮೊದಲ ತಿಂಗಳ ನಾ ಕೇಳೀನಿ, ಅಸಲಿಗಿ ಹಾಕ್ಲಿ ಏನ್ರಿ ಸಾಹೇಬ್ರ ಅಂತ. ಬ್ಯಾಡ್ರಿ, ಮೊದಲ ಬಡ್ಡಿ ಹರೀಲಿ, ಬಡ್ಡಿ ಹರದ್ರ ಸಾಕು ಅಂದ್ರು. ಸಹಿ ಸೈತ ಮಾಡ್ಯಾರ. ಇಪ್ಪತ್ತೆರಡು ವರ್ಷದಾಗ ಬಡ್ಡಿ ಕೊಡಾಕ ಅಳೋರ್ನ ಕಂಡೀನಿ, ಮುಂಗಡ ಕೊಡೋರ್ನ ನಿಮ್ಮನ್ನಷ್ಟ ನೋಡೀನಿ."

ಅಬ್ಬಾ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ಅಮ್ಮಾ ಬಡ್ಡಿ ಹರದ ದಿನ ಕರಿ ಅಂದಿದ್ಲಲ್ಲಾ," ಎಂದು ನನಗೆ ಹೇಳಿದರು. "ಬಡ್ಡಿ ಮೊದಲ ಮುಗಿಸಿದ್ರ ಅಸಲಷ್ಟ ಉಳೀತದ, ಅಸಲು ಪಾಪ ಅಲ್ಲ, ಆಕೆನ್ನ ಲಗೂ ಕರಕೊಂಡ ಬರಬಹುದು ಅನ್ಕೊಂಡೆ."

ಅಸಲು ಇರುವವರೆಗೆ ಬಡ್ಡಿ ಹುಟ್ಟುತ್ತಲೇ ಇರುತ್ತದೆ ಎಂದು ಅವರಿಗೆ ಆ ಮೇಜಿನ ಮುಂದೆ ವಿವರಿಸಬೇಕಾಯಿತು. ಗುಮಾಸ್ತರು ಒಂದು ಹಾಳೆ ತೆಗೆದು ಗೀಟು ಹಾಕಿ ನಿಧಾನವಾಗಿ ತೋರಿಸಿದರು. ಈಗ ನಗಲಿಲ್ಲ. "ರೊಕ್ಕ ಎಲ್ಲೂ ಹೋಗಿಲ್ರಿ ಸಾಹೇಬ್ರ. ಮುಂದಿನ ಎಂಟು ತಿಂಗಳ ಬಡ್ಡಿ ಕೊಟ್ಟಂಗ ಆಗ್ಯಾದ. ಇನ್ನ ನೀವು ಕಟ್ಟೋದೆಲ್ಲಾ ಅಸಲಿಗೇ ಬೀಳ್ತದ," ಎಂದು ಹೊಸ ಅರ್ಜಿ ಬರೆಸಿಕೊಂಡರು.

ಮನೆಗೆ ಬಂದು ನಾನು ಲೆಕ್ಕ ಹಾಕಿದೆ. ನಿಜವಾದ ನಷ್ಟ ಐವತ್ತು-ಅರವತ್ತು ರೂಪಾಯಿ. ಆದರೆ ಆ ಹದಿನಾಲ್ಕು ತಿಂಗಳ ಚಹಾ, ಹಾಲು, ಚಪ್ಪಲಿ, ಶೆಡ್ಡಿನ ಮಂಚ ಎಲ್ಲ ಸೇರಿ ಕೊಂಡುಕೊಂಡದ್ದು ಬಡ್ಡಿಯನ್ನೇ, ಅದೂ ಹುಟ್ಟುವ ಮೊದಲೇ. ಹಾದಿಯಲ್ಲಿ ಅಬ್ಬಾ ಹೇಳಿದ್ದು ಒಂದೇ ಮಾತು: "ಅಮ್ಮಾಗ ಗೊತ್ತಾಗಬಾರದು." ದಾದಿಮಾಗೆ ಹೇಳಲಿಲ್ಲ. ಅಮ್ಮಿಗೆ ನಾನೇ ಹೇಳಿದೆ. ಅವಳು ಪಾತ್ರೆ ತೊಳೆಯುತ್ತಿದ್ದಳು. "ಮತ್ತ ಮೊದಲಿಂದ?" ಎಂದು ಕೇಳಿದಳು. "ಮೊದಲಿಂದ," ಎಂದೆ.

ಆಮೇಲಿನ ನಲವತ್ತೈದು ತಿಂಗಳ ಬಗ್ಗೆ ದಿನಚರಿಯಲ್ಲಿ ಬಹಳ ಇಲ್ಲ. ಒಂದು ದಿನ ಇನ್ನೊಂದರ ಹಾಗೆಯೇ ಇತ್ತು. ಅಮ್ಮಿ ಕಂತಿನ ಮೇಲೆ ಹೊಲಿಗೆ ಮಷೀನು ತಂದಳು. ಅದರ ಕಂತು ಹರಿಯಲು ಒಂದು ವರ್ಷ ಹಿಡಿಯಿತು, ಬ್ಲೌಸಿಗೆ ಮೂರು ರೂಪಾಯಿ. ಪಿಯುಸಿ ಮುಗಿದ ಮೇಲೆ ನಾನು ಓಣಿಯ ಹನ್ನೊಂದು ಮಕ್ಕಳಿಗೆ ಪಾಠ ಹೇಳಿ ತಲಾ ಹತ್ತು ರೂಪಾಯಿ ತೆಗೆದುಕೊಂಡೆ. ಅಬ್ಬಾರ ಪಗಾರದ ಬಾಕಿ ಒಮ್ಮೆ ಬಂದಾಗ ಎಲ್ಲರೂ ನನ್ನ ಮುಖ ನೋಡಿದರು. ತಮ್ಮ ಸೈಕಲ್ ಕೇಳಲಿಲ್ಲ, ಬರೀ ನೋಡಿದ. ಅಷ್ಟನ್ನೂ ಸಂಘಕ್ಕೆ ಕಳಿಸಿದೆ. "ಇನ್ನ ಎಷ್ಟು ತಿಂಗಳ?" ಎಂದು ಅಮ್ಮಿ ಮೊದಲು ತಿಂಗಳಿಗೊಮ್ಮೆ ಕೇಳುತ್ತಿದ್ದಳು. 1988ರ ಬೇಸಿಗೆಯ ನಂತರ ಕೇಳಿದ್ದು ಎಲ್ಲೂ ಬರೆದಿಲ್ಲ.

ಕೊನೆಯ ಕಂತು ಕಟ್ಟಿದ್ದು 4 ಡಿಸೆಂಬರ್ 1989, ಸೋಮವಾರ. ಅದಕ್ಕಾಗಿ ಅಬ್ಬಾ ಎರಡು ದಿನ ರಜೆ ಹಾಕಿದ್ದರು. ಎಪ್ಪತ್ತೆಂಟನೆಯ ಕಂತು. ಉಳಿದ ನೂರಾ ಎರಡು ಕಂತು ಕಟ್ಟುವ ಕೆಲಸ ಬೀಳಲಿಲ್ಲ. ಮರುದಿನ ಬೆಳಿಗ್ಗೆ ಅಮ್ಮಿ ಎಂದಿನಂತೆ ಪಾವು ಹಾಲಿನಲ್ಲಿ ನಾಲ್ಕು ಜನರಿಗೆ ಚಹಾ ಮಾಡಿದಳು. ಯಾರಿಗೂ ಅದು ವಿಚಿತ್ರ ಅನಿಸಲಿಲ್ಲ.

ಹತ್ತು ದಿನದಲ್ಲಿ ಬಿಡುಗಡೆಯ ಕಾಗದ ನೋಂದಣಿಯಾಯಿತು. 17ನೇ ತಾರೀಖು, ಭಾನುವಾರ, ಅಬ್ಬಾ ಅಫಜಲಪುರಕ್ಕೆ ಹೋಗಿ ದಾದಿಮಾಳನ್ನು ಕರೆತಂದರು. ಅದೇ ಟ್ರಂಕು. ಮತ್ತೆ ಕಟ್ಟೆಯ ಮೇಲೆಯೇ ಕೂತಳು.

"ಮೊದಲ ಕಾಗದ ಓದು," ಎಂದಳು ನನಗೆ. ಪೂರ್ತಿ ಓದಿದೆ, ಚತುಸ್ಸೀಮೆಯ ಸಹಿತ. "ಒಟ್ಟ ಎಷ್ಟು ಬಡ್ಡಿ ಕೊಟ್ರಿ?"

ಅಬ್ಬಾ ನನ್ನ ಕಡೆ ನೋಡಿ ತಲೆ ತಗ್ಗಿಸಿದರು. ಬೇಕೆಂದರೆ ಕಡಿಮೆ ಹೇಳಬಹುದಿತ್ತು. ಪುಸ್ತಕ ನನ್ನದೇ, ಅವಳಿಗೆ ಓದಲು ಬಾರದು. ಐದು ಸಾವಿರದ ಎಂಟುನೂರ ನಲವತ್ತೆರಡು ಎಂದು ಹೇಳಿದೆ. ಮುಂಗಡ ಕೊಟ್ಟ ಎಂಟುನೂರ ನಲವತ್ತು ಅದರಲ್ಲೇ ಸೇರಿದೆ ಎಂದೂ, ಅದು ಹೇಗೆ ಆಯಿತು ಎಂದೂ ಹೇಳಿದೆ.

ದಾದಿಮಾ ಅಬ್ಬಾರ ಕಡೆ ತಿರುಗಿದಳು. "ನನ್ನ ಸಲುವಾಗಿ?"

"ಹೌದಮ್ಮಾ."

"ಹುಚ್ಚಪ್ಯಾಲಿ. ನನ್ನ ಒಂದ ಮಾತು ಕೇಳಿದ್ರ ಆಗ್ತಿದ್ದಿಲ್ಲೇನು? ಸರಸಂಬಾದಾಗ ನಮ್ಮಪ್ಪ ಮನಿ ಕಟ್ಟಾಗ ಊರವರು ಪೆಟಗಿಯೊಳಗ ಕೂಡಿಸಿಟ್ಟ ಪೇಟಿ ರೊಕ್ಕ ತಗೊಂಡಿದ್ದ. ಬಡ್ಡಿ ಇಲ್ಲ, ಕಾಗದ ಇಲ್ಲ. ಸುಗ್ಗಿ ಬಂದಾಗ ಆದಷ್ಟು ಪೇಟಿಗಿ ಹಾಕೋದು. ಮತ್ತೊಬ್ಬಂವ ಮನಿ ಕಟ್ಟೋಂವ ಒಯ್ಯೋದು. ನಮ್ಮೋರು, ಲಿಂಗಾಯತರು, ಎಲ್ಲಾರೂ ಹಾಕ್ತಿದ್ರು."

"ಯಾವ ಪೇಟಿ ಅಮ್ಮಾ? ನನಗ ಎಂದೂ ಹೇಳಿಲ್ಲಲ್ಲಾ ನೀ!"

"ನೀ ಎಂದ ಕೇಳಿದಿ? ನೀ ಸಾಲ ಮಾಡಿದಿ ಅಂತ ಗೌಂಡಿ ಬಾಯಿಲೆ ಕೇಳ್ದೆ ನಾ."

ಬಾಗಿಲಲ್ಲಿ ನಿಂತಿದ್ದ ಅಮ್ಮಿ ಗೋಡೆ ಹಿಡಿದು ಹಾಗೇ ಕೂತುಬಿಟ್ಟಳು. ದಾದಿಮಾ ಎದ್ದು ಬಂದು, ಬಲಗಾಲು ಒಳಗಿಟ್ಟು, ಅವಳ ಪಕ್ಕದಲ್ಲೇ ನೆಲದ ಮೇಲೆ ಕೂತು, "ನೀ ಏಳಬ್ಯಾಡ ಬೇಟಿ, ನಾ ಮಾಡ್ತೇನಿ ಚಹಾ. ಮೊದಲ ಸ್ವಲ್ಪ ಹೊತ್ತು ಕೂಡೂಣು ಇಬ್ಬರೂ," ಎಂದಳು. ಅಂದಿನಿಂದ ನಮ್ಮ ಜೊತೆಗೇ ಇದ್ದಾಳೆ.

ಈಗ ಫುಫ್ಫಿಯ ಹಿರಿಯ ಮಗ ಅಫಜಲಪುರದಲ್ಲಿ ಮನೆ ಕಟ್ಟಬೇಕೆಂದಿದ್ದಾನೆ. ಸಾಲದ ಅರ್ಜಿ ತುಂಬಿಸಲು ನನ್ನ ಹತ್ತಿರ ತಂದುಕೊಟ್ಟಿದ್ದಾನೆ. ದಾದಿಮಾ ಅದರ ಮೇಲೆ ಕೈಯಿಟ್ಟು, ಪೇಟಿಯ ಸಂಗತಿ ತಿಳಿಯುವವರೆಗೆ ಬರೆಯಬೇಡ ಎಂದಿದ್ದಾಳೆ. ಅಬ್ಬಾ ಎರಡು ಸಲ ಸರಸಂಬಾಕ್ಕೆ, ಬಲ್ಲವರಿದ್ದಾರೆಂದು ಕೇಳಿ ನಾನು ಒಂದು ಸಲ ಕಡಗಂಚಿಗೆ ಹೋಗಿ ಬಂದೆವು. ಒಂಬತ್ತು ಮಂದಿ ಹಿರಿಯರನ್ನು ಕೇಳಿದ್ದೇವೆ. ಇಬ್ಬರು ಪೇಟಿ ಇತ್ತು ಎಂದರು, ಒಬ್ಬರು ಅದು ನೆಲದಲ್ಲಿ ಕಾಳು ತುಂಬಿಡುವ ಹಗೇವು, ರೊಕ್ಕವಲ್ಲ ಎಂದರು, ಆರು ಮಂದಿಗೆ ನೆನಪಿಲ್ಲ. ಯಾರ ಮನೆಯಲ್ಲಿ ಇಡುತ್ತಿದ್ದರು, ಯಾರು ಲೆಕ್ಕ ನೋಡುತ್ತಿದ್ದರು, ಯಾವಾಗ ನಿಂತಿತು, ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಬೇರೆ ಯಾವುದಾದರೂ ಊರಲ್ಲಿ ಇನ್ನೂ ನಡೆದಿದೆಯೇ ಎಂದು ಬಲ್ಲವರು ಇದನ್ನು ಓದಿದರೆ ಒಂದು ಕಾರ್ಡು ಪತ್ರಿಕೆಯವರಿಗೆ ಹಾಕಿ. ಅವರು ನನಗೆ ಮುಟ್ಟಿಸುತ್ತಾರೆ. ಗೊತ್ತಿದ್ದದ್ದು ಅರ್ಧವೇ ಆದರೂ ಬರೆಯಿರಿ. ಅರ್ಜಿಯನ್ನು ಮಾರ್ಚ್ ಕೊನೆಯವರೆಗೆ ತಡೆದು ಹಿಡಿದಿದ್ದೇನೆ.