ಕಾಕಾನ ಮೀನಿಗೆ ಸಿಗಡಿ ಕೊಯ್ದವಳು

ಗಾಜಿನ ತೊಟ್ಟಿ ಐದು ಅಡಿ ಉದ್ದವಿತ್ತೋ ಆರು ಅಡಿಯೋ, ಮೀನು ಬಂದದ್ದು ಯುಗಾದಿಗೆ ಮುಂಚೆಯೋ ಆಮೇಲೋ, ನನಗೆ ಖಚಿತವಿಲ್ಲ. ಅಳತೆ, ತಿಂಗಳುಗಳ ಮಟ್ಟಿಗೆ ನನ್ನನ್ನು ಅಷ್ಟಾಗಿ ನಂಬಬೇಡಿ. ಮೀನು ಇದ್ದದ್ದಂತೂ ನಿಜ. ಸಿಂಧನೂರಿನ ನಮ್ಮ ಕಾಕಾನ ಮನೆಯ ಪಡಸಾಲೆಯಲ್ಲಿ, ಮೊದಲು ಟಿ.ವಿ. ಇದ್ದ ಜಾಗದಲ್ಲಿ.

ಗ್ರೂಪರ್ ಎಂಬ ಸಮುದ್ರದ ಮೀನು. ಮೈತುಂಬ ಕಂದು ಚುಕ್ಕೆ, ಮುಂದಕ್ಕೆ ಚಾಚಿದ ಕೆಳದುಟಿ. ಅರ್ಜಿ ಹಿಡಿದು ಬಂದವರನ್ನು ಸಾಹೇಬರು ನೋಡುವ ಹಾಗೆ ಎಲ್ಲರನ್ನೂ ನೋಡುತ್ತಿತ್ತು. ಭತ್ತದ ವ್ಯಾಪಾರಿಯಾದ ಕಾಕಾ ಹೈದರಾಬಾದಿನಲ್ಲಿ ಯಾರದೋ ಬಂಗಲೆಯಲ್ಲಿ ಅಂಥದನ್ನು ನೋಡಿ ಬಂದು ತರಿಸಿದ್ದ. ಹೊಲದ ಸವಳುಪ್ಪು ತೊಳೆಯಲು ಕಾಲುವೆ ನೀರು ಹರಿಸುತ್ತ ಅರ್ಧ ಆಯುಷ್ಯ ಕಳೆದ ಮನುಷ್ಯ, ಈಗ ವಾರಕ್ಕೊಮ್ಮೆ ಸಿಹಿನೀರಿಗೆ ಉಪ್ಪು ಬೆರೆಸುತ್ತ ಕೂತ.

ತೊಂದರೆ ಒಂದೇ. ಕೊರಳಲ್ಲಿ ಲಿಂಗ ಇರುವ ಮನೆ ನಮ್ಮದು. ಮೊಟ್ಟೆ ತಿಂದವರು ಕಟ್ಟೆಯ ಮೇಲೆ ಕೂಡಲೂ ಯೋಚಿಸಬೇಕು. ಮೀನಿಗೆ ಇದನ್ನು ಯಾರೂ ತಿಳಿಸಿರಲಿಲ್ಲ. ಅದು ಬೇಟೆಯಾಡಿ ತಿನ್ನುವ ಜಾತಿ ಎಂದು ಅಂಗಡಿಯವನು ಹೇಳಿದ್ದನಂತೆ. ಕಾಕಾ ಅದನ್ನು ಬರೀ ದುರಭ್ಯಾಸ ಎಂದುಕೊಂಡ. ಮೊದಲು ನೆನೆಸಿದ ಕಡಲೆಬೇಳೆ ಹಾಕಿದ, ಆಮೇಲೆ ಪನೀರ್ ಚೂರು. ಮೀನು ಬಾಯಿಗೆ ಹಾಕಿಕೊಂಡು, ಯೋಚಿಸಿ, ಉಗುಳಿತು. ಅವನ ಹೆಂಡತಿ, ನಮ್ಮ ಚಿಗವ್ವ, ಗಾಜಿಗೆ ವಿಭೂತಿ ಹಚ್ಚಿ ನೋಡಿದಳು. "ಮನಿ ರೀತಿ ಕಲೀತೈತಿ, ತಡಿ," ಎಂದ ಕಾಕಾ. ಹತ್ತು ದಿನಕ್ಕೆ ಮೀನು ಮೂಲೆ ಹಿಡಿಯಿತು. ಕಾಕಾ ಹೆದರಿದ.

ಮಹಡಿಯ ಮೇಲೆ ಬಾಡಿಗೆಗಿದ್ದವಳು ಒಬ್ಬ ನರ್ಸ್. ಲಿಂಗಸುಗೂರಿನಿಂದ ವರ್ಗವಾಗಿ ಬಂದವಳು. ನಾಲ್ಕಾರು ಮನೆಗಳಲ್ಲಿ 'ನೀವು ಯಾವ ಮಂದಿ?' ಎಂಬ ಪ್ರಶ್ನೆಗೆ ಉತ್ತರ ಕೊಟ್ಟು ವಾಪಸಾಗಿ, ಕೊನೆಗೆ ಮಾಂಸ, ಮೊಟ್ಟೆ ಬೇಯಿಸುವುದಿಲ್ಲ ಎಂದು ಕಾಕಾನಿಗೆ ಮಾತು ಕೊಟ್ಟು ಒಳಗೆ ಬಂದಿದ್ದಳು. ಗಂಡ ಇಲ್ಲ; ಶಾಲೆಗೆ ಹೋಗುವ ಮಗಳಿದ್ದಳು. ಆ ಎರಡು ಕೋಣೆ ಹೋದರೆ ಮಸ್ಕಿಯ ತವರುಮನೆ ಸೇರಿ, ಡ್ಯೂಟಿಗೆ ದಿನಾ ಬಸ್ಸು ಹತ್ತಬೇಕು, ಮಗಳ ಶಾಲೆ ಬಿಡಿಸಬೇಕು. ಇದು ನಮಗೆಲ್ಲ ಗೊತ್ತಿತ್ತು.

ಕಾಕಾ ಮೆಟ್ಟಿಲು ಹತ್ತಿ ಹೋದ. ಹಿಂದೆ ನಾನೂ ಇದ್ದೆ.

"ಸಿಸ್ಟರ್, ನಿಮ್ಗ ಸಿಗಡಿ ಕೊಯ್ಯಾಕ ಬರ್ತೈತಲ್ರೀ?"

ಪರೀಕ್ಷೆ ಮಾಡಲು ಬಂದಿದ್ದಾನೆಂದು ಆಕೆ ತಿಳಿದಳು. "ಅದನ್ನೆಲ್ಲ ಬಿಟ್ಟೀನ್ರಿ ಸಾವ್ಕಾರ್ರ."

"ನಿಮಗಲ್ರೀ. ನಮ್ಮ ಮೀನಿಗೆ."

ಹೀಗೆ ಸಿಗಡಿಯ ಪೊಟ್ಟಣ ಆಕೆಯ ಫ್ರಿಜ್ಜಿಗೆ ಹೋಯಿತು. ನಮ್ಮದರಲ್ಲಿ ಮೊಸರಿತ್ತಲ್ಲ. ದಿನ ಬಿಟ್ಟು ದಿನ ಆಕೆ ಡ್ಯೂಟಿ ಮುಗಿಸಿ ಬಂದು ಸಿಗಡಿ ಸುಲಿದು, ಚೂರು ಮಾಡಿ, ಹಿಂಬಾಗಿಲಿನಿಂದ ಪಡಸಾಲೆಗೆ ತಂದು ಉದ್ದನೆಯ ಚಿಮಟದಲ್ಲಿ ತೊಟ್ಟಿಗೆ ಹಿಡಿಯುತ್ತಿದ್ದಳು. ಮೀನು ಒಂದೇ ಗುಟುಕಿಗೆ ನುಂಗುತ್ತಿತ್ತು. ನೆಂಟರು ಬೆರಗಾಗುತ್ತಿದ್ದರು. ಗೊರೇಬಾಳದ ಬೀಗರೊಬ್ಬರು ಇದು ಪಾಪವಲ್ಲವೇ ಎಂದಾಗ, ಕೊಯ್ಯುವುದು ಆಕೆ, ತಿನ್ನುವುದು ಮೀನು, ನಮ್ಮದು ನೋಡುವುದಷ್ಟೇ ಎಂದು ಕಾಕಾ ಬಗೆಹರಿಸಿದ. ಸೋಮವಾರ ಮಾತ್ರ ಮೀನಿಗೂ ಉಪವಾಸ. ಬೀಗರ ಜೊತೆ ನಾನೂ ನಕ್ಕೆ. ಸಮಾಜಶಾಸ್ತ್ರದಲ್ಲಿ ಎಂ.ಎ. ಮಾಡಿದವಳು ನಾನು.

ಶ್ರಾವಣದ ಒಂದು ಭಾನುವಾರ ಮಸ್ಕಿಯಿಂದ ಆಕೆಯ ತಾಯಿ ಬಂದಿದ್ದರು. ಮಧ್ಯಾಹ್ನ ಬೆಳ್ಳುಳ್ಳಿ ಒಗ್ಗರಣೆಯ ಜೊತೆ ಇನ್ನೊಂದು ವಾಸನೆ ಮೆಟ್ಟಿಲಿಳಿದು ಬಂತು. ಪಡಸಾಲೆಯಲ್ಲಿ ತಿಂಗಳುಗಟ್ಟಲೆ ಅದೇ ವಾಸನೆ ಹಸಿಯಾಗಿ ಇತ್ತು, ಯಾರಿಗೂ ಏನೂ ಅನಿಸಿರಲಿಲ್ಲ. ಎಣ್ಣೆ ಕಂಡೊಡನೆ ಅದು ಮೈಲಿಗೆಯಾಯಿತು.

ಸಂಜೆ ಕಾಕಾ ಆಕೆಯನ್ನು ಕೆಳಗೆ ಕರೆಸಿ, ಕೊಟ್ಟ ಮಾತನ್ನು ನೆನಪಿಸಿದ.

"ನಾಕ ಸಿಗಡಿ ರೀ. ಜ್ವರ ಬಂದು ನಮ್ಮವ್ವನ ಬಾಯಿ ಕೆಟ್ಟಿತ್ತು."

"ಅದು ಮೀನಿನ ಊಟ."

ಆಕೆ ತೊಟ್ಟಿಯ ಕಡೆ ಒಮ್ಮೆ ನೋಡಿದಳು. "ಅದು ಬಾಡಿಗಿ ಕೊಡಂಗಿಲ್ರಿ. ನಾ ಕೊಡ್ತೀನಿ."

ಮನೆ ಕಾಕಾನದು; ಖಾಲಿ ಮಾಡಿ ಎಂದ. ತಿಂಗಳ ಕೊನೆಗೆ ಆಕೆ ಮಗಳ ಟಿ.ಸಿ. ತೆಗೆದುಕೊಂಡು ಮಸ್ಕಿಗೆ ಹೋದಳು. ಮೀನಿಗೆ ಈಗ ಹತ್ತಿರದ ವಲಸಿಗರ ಕ್ಯಾಂಪಿನಿಂದ ಒಬ್ಬರು ಬಂದು ತಿನ್ನಿಸುತ್ತಾರೆ. ಚೆನ್ನಾಗಿ ದಪ್ಪವಾಗಿದೆ.

ಆದರೆ ವಾಸನೆ ಬಂದ ಆ ಮಧ್ಯಾಹ್ನ ಕಾಕಾ ಮನೆಯಲ್ಲೇ ಇರಲಿಲ್ಲ, ಸಾಲಗುಂದದ ಹೊಲದಲ್ಲಿದ್ದ. ಬರುವ ಹೊತ್ತಿಗೆ ವಾಸನೆ ಹೋಗಿ ಊದಿನಕಡ್ಡಿಯ ಹೊಗೆ ತುಂಬಿತ್ತು. ಆದರೂ ಅವನಿಗೆ ಎಲ್ಲ ಗೊತ್ತಿತ್ತು. ಕೆಳಗೆ ಇದ್ದವರು ಚಿಗವ್ವ ಮತ್ತು ನಾನು, ಇಬ್ಬರೇ. ನನ್ನ ನೆನಪಿನಲ್ಲಿ ಚಿಗವ್ವ ಮೂಗಿಗೆ ಸೆರಗು ಹಿಡಿದು ಫೋನಿನಲ್ಲಿ ಮಾತಾಡುತ್ತಿದ್ದಾಳೆ. ಚಿತ್ರ ನನಗೆ ಬಹಳ ಅನುಕೂಲವಾಗಿದೆ, ಅದಕ್ಕೇ ಅನುಮಾನ. ಆ ದಿನದ ಡೈರಿಯಲ್ಲಿ 'ಕಾಕಾಗೆ ಫೋನ್' ಎಂದಷ್ಟೇ ಇದೆ. ಮಾಡಿದವರು ಯಾರೆಂದು ನಾನು ಬರೆದಿಲ್ಲ.

ಹೋದ ವಾರ ಚಿಗವ್ವ ಮೆಂತ್ಯದ ಸೊಪ್ಪು ಸೋಸುತ್ತ ಕೂತಿದ್ದಾಗ ಕೇಳಿದೆ.

"ಚಿಗವ್ವಾ, ಅವತ್ತ ಕಾಕಾಗ ಫೋನ್ ಮಾಡಿದ್ದು ನೀನೋ, ನಾನೋ?"